ಮಗಳ ಕೋಣೆಗೆ ಯಾವ ಬಣ್ಣ?

ಸೀಮಂತದ ದಿನ ಗೊತ್ತಾದ ಕೂಡಲೇ ಈಗ ಅನೇಕ ಮನೆಗಳಲ್ಲಿ ಇನ್ನೊಂದು ಚರ್ಚೆ ಶುರುವಾಗುತ್ತದೆ. ಮಗುವಿಗೆ ಯಾವ ಕೋಣೆ, ಗೋಡೆಗೆ ಯಾವ ಬಣ್ಣ, ತೊಟ್ಟಿಲು ಎಲ್ಲಿ ಕಟ್ಟುವುದು? ಮೊಬೈಲ್‌ನಲ್ಲಿ ಹುಡುಕಿದರೆ ಸಾಲುಸಾಲು ಚಿತ್ರಗಳು ಬರುತ್ತವೆ: ತಿಳಿಗುಲಾಬಿ ಗೋಡೆ, ಬಿಳಿ ಬಣ್ಣದ ಪುಟ್ಟ ಮಂಚ, ಮೇಲಿಂದ ಇಳಿಬಿಟ್ಟ ಜಾಲರಿ ಪರದೆ, ಒಳಗೆ ಸುತ್ತಲೂ ಮೆತ್ತನೆಯ ದಿಂಬುಗಳು, ಮೂಲೆಯಲ್ಲಿ ಆಳೆತ್ತರದ ಕರಡಿ ಗೊಂಬೆ. ಹೆಣ್ಣುಮಗುವಿನ ಕೋಣೆ ಎಂದರೆ ಇದೇ ಎಂದು ನಂಬಿಸುವಂತೆ ಎಲ್ಲವೂ ಒಂದೇ ಅಚ್ಚಿನವು. ನೋಡಲು ಚೆಂದವೇನೋ ಹೌದು. ಆದರೆ ಅಲ್ಲಿರುವ ಹಲವು ವಸ್ತುಗಳು ಮಗುವಿಗೆ ಬೇಕಿಲ್ಲ, ಒಂದೆರಡಂತೂ ಅಪಾಯಕ್ಕೆ ದಾರಿ.

ನಮ್ಮ ದೇಶದಲ್ಲಿ ಆ ಚಿತ್ರ ನೋಡಿ ಮೊದಲೇ ಗುಲಾಬಿ ಬಣ್ಣ ಬಳಿಸುವ ಅವಕಾಶವೂ ಇಲ್ಲ. ಹುಟ್ಟುವ ಮಗು ಹೆಣ್ಣೋ ಗಂಡೋ ಎಂದು ಪತ್ತೆ ಮಾಡಿ ಹೇಳುವುದನ್ನು 1994ರ ಕಾಯ್ದೆ ನಿಷೇಧಿಸಿದೆ. ಯಾಕೆ ನಿಷೇಧಿಸಬೇಕಾಯಿತು ಎಂಬುದು ಎಲ್ಲರಿಗೂ ಗೊತ್ತು. 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ ಪ್ರತಿ 1000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು. ಅದಾಗಿ ಹನ್ನೆರಡು ವರ್ಷದ ಮೇಲೆ, 2023ರ ಕೊನೆಯ ತಿಂಗಳುಗಳಲ್ಲಿ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಕದ್ದುಮುಚ್ಚಿ ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಲ ಸಿಕ್ಕಿಬಿತ್ತು. ಇಂಥ ನಾಡಿನಲ್ಲಿ ಮಗಳಿಗಾಗಿ ಕೋಣೆಯೊಂದನ್ನು ಆಸೆಪಟ್ಟು ಅಣಿಮಾಡುವುದು ಸಣ್ಣ ಸಂಗತಿಯಲ್ಲ. ಹೆರಿಗೆಗೆ ಮುಂಚೆ ಯಾರ ಬರವಿಗೆ ಎಂದು ತಿಳಿಯದೆಯೇ ಸಿದ್ಧತೆ ನಡೆಯಬೇಕು ಎಂಬುದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಬಣ್ಣದ ಯೋಚನೆ ಹಿಂದೆ ಸರಿದು, ಗಾಳಿ, ಬೆಳಕು, ಹಾಸಿಗೆಗಳ ಯೋಚನೆ ಮುಂದೆ ಬರುತ್ತದೆ.

ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿದ ಕನ್ನಡಿಗ ದಂಪತಿಯ ಸ್ಥಿತಿ ಬೇರೆ. ಅಲ್ಲಿ ಇಪ್ಪತ್ತನೇ ವಾರದ ಸ್ಕ್ಯಾನಿಂಗ್ ಹೊತ್ತಿಗೆ ವಿಷಯ ತಿಳಿದಿರುತ್ತದೆ. ಬಾಣಂತನಕ್ಕೆಂದು ಅಜ್ಜಿ ವಿಮಾನ ಹತ್ತುವ ವೇಳೆಗೆ ಗೋಡೆ ಗುಲಾಬಿಯಾಗಿ, ಬಾಗಿಲ ಮೇಲೆ ಮೊಮ್ಮಗಳ ಹೆಸರೂ ಬಂದಿರಬಹುದು. ಹುಟ್ಟುವ ಮೊದಲು ತೊಟ್ಟಿಲು ತರಬಾರದು, ಹೊಸ ಬಟ್ಟೆ ಕೊಳ್ಳಬಾರದು ಎಂದು ಕೇಳಿ ಬೆಳೆದ ಅಜ್ಜಿಗೆ ಅದನ್ನು ಕಂಡು ಎದೆ ಝಲ್ಲೆನ್ನುವುದು ಸಹಜ. ಎಷ್ಟೋ ಕೂಸುಗಳು ಹೆರಿಗೆಮನೆಯಿಂದ ಆಚೆಗೇ ಬಾರದಿದ್ದ ಕಾಲದ ಅಂಜಿಕೆ ಅದು. ಅದಕ್ಕೇ ನಮ್ಮಲ್ಲಿ ಸಿದ್ಧತೆಯೆಲ್ಲ ಹುಟ್ಟಿದ ಮೇಲಿನ ಹನ್ನೊಂದು, ಹನ್ನೆರಡು ದಿನಗಳಲ್ಲಿ, ತೊಟ್ಟಿಲಿಗೆ ಹಾಕುವ ಶಾಸ್ತ್ರದ ಒಳಗೆ ನಡೆಯುತ್ತಿತ್ತು.

ಗುಲಾಬಿ ಹುಡುಗಿಯರ ಬಣ್ಣವಾಗಿದ್ದು ಈಚೆಗೆ. ಅಮೆರಿಕದಲ್ಲಿ ಮಕ್ಕಳ ಉಡುಪಿನ ವ್ಯಾಪಾರಿಗಳಿಗೆಂದೇ ಬರುತ್ತಿದ್ದ ಪತ್ರಿಕೆಯೊಂದು 1918ರ ಜೂನ್ ಸಂಚಿಕೆಯಲ್ಲಿ ಗುಲಾಬಿ ಗಂಡುಮಕ್ಕಳಿಗೆ, ನೀಲಿ ಹೆಣ್ಣುಮಕ್ಕಳಿಗೆ ಎಂದು ಬರೆದಿತ್ತು. ಗುಲಾಬಿ ಗಟ್ಟಿ ಬಣ್ಣ, ನೀಲಿ ನಾಜೂಕು ಎಂಬುದು ಅದರ ವಾದ. ಆ ದೇಶದ ಮಕ್ಕಳ ಉಡುಪಿನ ಇತಿಹಾಸ ಬರೆದ ಜೋ ಪಾವೊಲೆಟ್ಟಿ ಇಂಥ ದಾಖಲೆಗಳನ್ನು ಹೆಕ್ಕಿ ತೋರಿಸಿದ್ದಾರೆ. ಈಗಿನ ಕಟ್ಟುಪಾಡು ಭದ್ರವಾಗಿದ್ದು ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ. ಮಗುವಿಗಾದರೂ ಹುಟ್ಟಿನಿಂದ ಆ ಒಲವು ಇರುತ್ತದೆಯೇ? ವನೆಸ್ಸಾ ಲೋಬ್ಯೂ ಮತ್ತು ಜೂಡಿ ಡಿಲೋಚ್ ಎಂಬ ಮನೋವಿಜ್ಞಾನಿಗಳು ಏಳು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳ ಮುಂದೆ ಜೋಡಿ ವಸ್ತುಗಳನ್ನಿಟ್ಟು ನೋಡಿದರು. ಜೋಡಿಯಲ್ಲಿ ಒಂದು ಗುಲಾಬಿ. ಪುಟ್ಟ ಕೂಸುಗಳಲ್ಲಿ ಹೆಣ್ಣು, ಗಂಡೆಂಬ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷದ ಹೊತ್ತಿಗೆ ಹುಡುಗಿಯರು ಗುಲಾಬಿಯತ್ತ ಹೆಚ್ಚು ಕೈಚಾಚತೊಡಗಿದರು, ಹುಡುಗರು ಬರಬರುತ್ತ ಅದನ್ನು ಬಿಡತೊಡಗಿದರು. 2011ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ತಿಳಿಯುವುದಿಷ್ಟು: ಸುತ್ತಲಿನವರನ್ನು ನೋಡಿ ಮಕ್ಕಳು ಆ ಬಣ್ಣವನ್ನು ಕಲಿಯುತ್ತಾರೆ. ಹತ್ತು ದಿನದ ಮಗಳಿಗೆ ಬಳಿಸುವ ಗುಲಾಬಿ, ನೋಡಲು ಬರುವ ನೆಂಟರಿಗೆ.

ಹತ್ತು ದಿನದ ಮಗಳು ನೋಡುವುದಾದರೂ ಏನನ್ನು? ಆಗತಾನೇ ಹುಟ್ಟಿದ ಮಗುವಿನ ಕಣ್ಣಿಗೆ ಸ್ವಲ್ಪ ಸ್ಪಷ್ಟವಾಗಿ ಕಾಣುವುದು ಇಪ್ಪತ್ತರಿಂದ ಮೂವತ್ತು ಸೆಂಟಿಮೀಟರ್ ದೂರದವರೆಗೆ. ಎದೆಹಾಲು ಕುಡಿಯುವಾಗ ತಾಯಿಯ ಮುಖ ಅಷ್ಟೇ ದೂರದಲ್ಲಿರುತ್ತದೆ. ಆಚೆಗಿನ ಗೋಡೆ, ಅದರ ಮೇಲಿನ ಚಿಟ್ಟೆ, ಮೋಡ, ಕಾಮನಬಿಲ್ಲುಗಳೆಲ್ಲ ಮಸುಕು. ತಿಳಿ ಬಣ್ಣಗಳ ನಡುವಿನ ಸೂಕ್ಷ್ಮ ಭೇದವೂ ಗೊತ್ತಾಗದು. ಕಪ್ಪು ಬಿಳುಪಿನ ಗೆರೆ, ದಟ್ಟ ಅಂಚು, ಮನುಷ್ಯರ ಮುಖ ಇವು ಬೇಗ ಸೆಳೆಯುತ್ತವೆ. ಬಣ್ಣಗಳ ಲೋಕ ಚೆನ್ನಾಗಿ ತೆರೆದುಕೊಳ್ಳುವಷ್ಟರಲ್ಲಿ ನಾಲ್ಕೈದು ತಿಂಗಳು ಕಳೆದಿರುತ್ತದೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಅಲಂಕಾರಕ್ಕೆ ಯೋಗ್ಯವಾದ ಜಾಗ ಎಂದರೆ ತೊಟ್ಟಿಲ ಹತ್ತಿರದ ಗಜದಷ್ಟು ಆವರಣ.

ಇದನ್ನು ಯಾವ ಸಂಶೋಧನೆಯ ನೆರವೂ ಇಲ್ಲದೆ ಅರಿತವರಂತೆ ಕೆಲಸ ಮಾಡಿದವರು ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಕುಶಲಕರ್ಮಿಗಳು. ಉತ್ತರ ಕರ್ನಾಟಕದಲ್ಲಿ ಚೊಚ್ಚಲ ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಡುವಾಗ ತವರಿನವರು ಕಲಘಟಗಿ ತೊಟ್ಟಿಲು ಕೊಟ್ಟು ಕಳಿಸಿದರು ಎಂದರೆ ಊರೇ ಮಾತಾಡಿಕೊಳ್ಳುತ್ತಿತ್ತು. ಹತ್ತಿರ ನಿಂತು ನೋಡಿದರೆ ಆ ಮಾತಿಗೆ ಕಾರಣ ತಿಳಿಯುತ್ತದೆ. ಸಾಗವಾನಿ ಮರದ ಚೌಕಟ್ಟು, ನಾಲ್ಕು ಮೂಲೆಗೆ ಕಡೆದ ಕಂಬಗಳು, ಬದಿಗಳಿಗೆ ಚಿತ್ರ ಬರೆದ ಹಲಗೆಗಳು. ಕೆಂಪು, ಹಳದಿ, ಹಸಿರು, ಕಪ್ಪು, ಒಂದೂ ಪೇಲವವಲ್ಲ. ಅರಗಿನಲ್ಲಿ ಕಲಸಿದ ಬಣ್ಣವಾದ್ದರಿಂದ ಮರದ ಮೇಲೆ ಗಾಜಿನಂತೆ ಕೂತು ದಶಕಗಟ್ಟಲೆ ಮಾಸದೆ ಉಳಿಯುತ್ತದೆ. ಹಲಗೆಗಳ ಮೇಲೆ ಬಾಲಕೃಷ್ಣನ ಲೀಲೆ, ರಾಮಾಯಣದ ಪ್ರಸಂಗ, ಹೂಬಳ್ಳಿ, ಹಕ್ಕಿಗಳು. ಮಾಡಿಸುವವರ ಮನೆತನ, ಧರ್ಮ ನೋಡಿ ಚಿತ್ರಗಳು ಬದಲಾಗುತ್ತವೆ. ಆದರೆ ಹೆಣ್ಣುಮಗುವಿಗೆ ಒಂದು ಬಣ್ಣ, ಗಂಡುಮಗುವಿಗೆ ಇನ್ನೊಂದು ಎಂಬ ಪದ್ಧತಿ ಅಲ್ಲಿಲ್ಲ. ಅಣ್ಣ ಮಲಗಿದ ತೊಟ್ಟಿಲಲ್ಲೇ ತಂಗಿ ಮಲಗುತ್ತಾಳೆ, ಮುಂದೆ ಅವಳ ಮಗುವೂ ಮಲಗುತ್ತದೆ.

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಇನ್ನೊಂದು ಪರಂಪರೆಯಿದೆ. ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ದೇವರ ಮೂರ್ತಿ, ಗೊಂಬೆಗಳನ್ನು ಮಾಡಿ ಬಣ್ಣ ತುಂಬುತ್ತವೆ. ಮಗುವಿನ ಕೋಣೆಗೆ ನೇರ ಸಂಬಂಧಪಟ್ಟ ಕಸುಬು ಮಾತ್ರ ಬೆಂಗಳೂರಿನಿಂದ 60 ಕಿಲೋಮೀಟರ್ ದೂರದ ಚನ್ನಪಟ್ಟಣದ್ದು. ಆಲೆಮರದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸುತ್ತ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಕೇದಗೆ ಜಾತಿಯ ಎಲೆಯಿಂದ ಉಜ್ಜಿದರೆ ಹೊಳಪು. ಗಿಲಕಿ, ಬುಗುರಿ, ಉಂಗುರಗಳ ಗೋಪುರ ಎಲ್ಲಕ್ಕೂ ಮೂಲೆ ಮುರುಕಿಲ್ಲದ ದುಂಡು ಆಕಾರ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿಗೆ ಸಸ್ಯಮೂಲದ ಬಣ್ಣ ಹಾಕಿದವನ್ನೇ ಕೇಳಿ ತರಬೇಕು. 2021ರ ಜನವರಿಯಿಂದ ಆಟಿಕೆಗಳ ಸುರಕ್ಷತೆಗೆ ಐಎಸ್‌ಐ ಗುರುತಿನ ನಿಯಮ ಜಾರಿಯಲ್ಲಿದೆ. ಕರಕುಶಲ ವಸ್ತುಗಳಿಗೆ ಅದರಿಂದ ವಿನಾಯಿತಿ ಇರುವುದರಿಂದ ಕೇಳಿ ತಿಳಿಯುವ ಹೊಣೆ ಕೊಳ್ಳುವವರದು.

ತೊಟ್ಟಿಲಿಗೆ ಮರಳಬೇಕು, ಏಕೆಂದರೆ ಕೋಣೆಯ ಯೋಜನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿರ್ಧಾರ ಮಗು ಎಲ್ಲಿ, ಹೇಗೆ ಮಲಗುತ್ತದೆ ಎಂಬುದು. ಹಳೆಯ ತೊಟ್ಟಿಮನೆಯ ತೊಲೆಗೆ ಹಿತ್ತಾಳೆ ಸರಪಳಿ ಬಿಗಿದರೆ ಮುಗಿಯುತ್ತಿತ್ತು. ಈಗಿನ ಫ್ಲ್ಯಾಟುಗಳಲ್ಲಿ ಅಂದಕ್ಕೆಂದು ಜಿಪ್ಸಂ ಹಲಗೆಯ ಸುಳ್ಳು ಚಾವಣಿ ಹಾಕಿಸಿರುತ್ತಾರೆ. ಅದು ಹತ್ತು ಕಿಲೋ ಜೋಲಾಟವನ್ನೂ ತಡೆಯದು. ಕೊಕ್ಕೆಯನ್ನು ಅದರ ಮೇಲಿನ ಕಾಂಕ್ರೀಟಿಗೇ ಹಿಡಿಸಬೇಕು, ಹಿಡಿಸಿದ ಮೇಲೆ ದೊಡ್ಡವರೊಬ್ಬರು ಜೋತುಬಿದ್ದು ನೋಡಬೇಕು. ಇಲ್ಲವಾದರೆ ನೆಲದ ಮೇಲೆ ನಿಲ್ಲುವ ಸ್ಟ್ಯಾಂಡು ಮೇಲು. ಬದಿಯ ಕಡ್ಡಿಗಳ ನಡುವಿನ ಸಂದು ಆರು ಸೆಂಟಿಮೀಟರ್ ಮೀರಬಾರದು; ಮೀರಿದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಹಳೆಯ ತೊಟ್ಟಿಲುಗಳಲ್ಲಿ ಈ ಸಂದನ್ನು ಅಳತೆಪಟ್ಟಿ ಹಿಡಿದೇ ನೋಡಬೇಕು.

ಮಲಗಿಸುವ ಬಗೆಯ ಕುರಿತು ವೈದ್ಯಲೋಕದ ಮಾತು ಕಳೆದ ಮೂರು ದಶಕಗಳಲ್ಲಿ ಖಚಿತವಾಗಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಕೂಸುಗಳನ್ನು ಬೋರಲು ಮಲಗಿಸಬೇಡಿ ಎಂದು ಹೇಳಿತು. 1994ರಲ್ಲಿ ಆ ದೇಶ ಅಂಗಾತ ಮಲಗಿಸುವ ಆಂದೋಲನ ನಡೆಸಿತು. ಮುಂದಿನ ಒಂದು ದಶಕದಲ್ಲಿ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಅರ್ಧಕ್ಕೆ ಇಳಿಯಿತು. ಒಂದು ಔಷಧಿ, ಒಂದು ಯಂತ್ರವಿಲ್ಲದೆ, ಮಲಗಿಸುವ ಮಗ್ಗುಲು ಬದಲಿಸಿದ್ದರಿಂದ ಉಳಿದ ಜೀವಗಳು ಇವು. ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಬೇಕು, ಮೊದಲ ವರ್ಷ ದಿಂಬು, ದಪ್ಪ ಹೊದಿಕೆ, ಮೆತ್ತನೆಯ ಗೊಂಬೆ ಬೇಡ, ಕನಿಷ್ಠ ಆರು ತಿಂಗಳು ಮಗು ತಂದೆತಾಯಿಯ ಕೋಣೆಯಲ್ಲೇ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಲಿ ಎಂಬುದು ಅಕಾಡೆಮಿಯ ಈಗಿನ ಸಲಹೆ. ಮೊಬೈಲ್ ಚಿತ್ರಗಳಲ್ಲಿ ಮಂಚದ ಒಳಗೆ ಸುತ್ತಲೂ ಕಾಣುವ ಮೆತ್ತನೆಯ ಅಂಚುಪಟ್ಟಿಗಳ ಮಾರಾಟವನ್ನು ಅಮೆರಿಕ 2022ರ ಕಾನೂನಿನಲ್ಲಿ ನಿಷೇಧಿಸಿದೆ. ಉಸಿರುಗಟ್ಟಿ ಸತ್ತ ಮಕ್ಕಳ ಪ್ರಕರಣಗಳು ಅದರ ಹಿಂದಿವೆ.

ಇದರ ಬೆಳಕಿನಲ್ಲಿ ನಮ್ಮ ಕೆಲವು ಪದ್ಧತಿಗಳನ್ನೂ ನೋಡಬೇಕು. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬು ಅಜ್ಜಿಯರ ಅಕ್ಕರೆಯ ವಸ್ತು. ಆದರೂ ಅದು ದಿಂಬೇ. ಮಗು ಎಚ್ಚರವಿದ್ದಾಗ, ಎದುರಿಗೆ ಯಾರಾದರೂ ಕೂತಿರುವಾಗ ದಿನಕ್ಕೆ ಕೆಲವು ಸಲ ಬೋರಲು ಹಾಕಿದರೆ ತಲೆಯ ಆಕಾರಕ್ಕೂ ಕತ್ತಿನ ಬಲಕ್ಕೂ ಅದೇ ಸಾಕು. ಹಳೆಯ ಸೀರೆಯ ಜೋಲಿಯಲ್ಲಿ ಮಗುವಿನ ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ, ಎಳೆಗೂಸಿನ ಉಸಿರಿನ ದಾರಿ ಕಿರಿದಾಗುತ್ತದೆ. ಹೊಲದ ಬದುವಿನಲ್ಲಿ, ಕಟ್ಟಡದ ಕೆಲಸದ ಜಾಗದಲ್ಲಿ ತಾಯಿಗೆ ಬೇರೆ ದಾರಿಯಿಲ್ಲ. ಅನುಕೂಲವಿರುವ ಮನೆಯಲ್ಲಿ ಜೋಲಿ ತೂಗಿ ಸಮಾಧಾನಪಡಿಸಿ, ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಹಾಸಿಗೆಗೆ ಬದಲಿಸುವುದು ಕಷ್ಟವಲ್ಲ. ನಡೆದಾಡುವ ಮಕ್ಕಳು ಕಟ್ಟಿದ ಜೋಲಿಯಲ್ಲಿ ಒಬ್ಬರೇ ಆಡಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡ ದುರಂತಗಳೂ ನಡೆದಿವೆ. ಬಳಸದ ಹೊತ್ತಿನಲ್ಲಿ ಅದನ್ನು ಬಿಚ್ಚಿಡಬೇಕು.

ಇನ್ನು ಗೋಡೆ. ಬಣ್ಣ ಯಾವುದು ಎನ್ನುವುದಕ್ಕಿಂತ ಬಣ್ಣದಲ್ಲಿ ಏನಿದೆ ಎನ್ನುವುದು ಮುಖ್ಯ ಎಂದು ಮೊದಲು ಹೇಳಿದವರಲ್ಲಿ ಒಬ್ಬರು ಆಸ್ಟ್ರೇಲಿಯಾದ ಬ್ರಿಸ್ಬೇನಿನ ಕಣ್ಣಿನ ವೈದ್ಯ ಜಾನ್ ಲಾಕ್‌ಹಾರ್ಟ್ ಗಿಬ್ಸನ್. ಮಕ್ಕಳಿಗೆ ಸೀಸದ ವಿಷ ಏರುತ್ತಿರುವುದು ವರಾಂಡದ ಕಟಾಂಜನಕ್ಕೂ ಕೋಣೆಯ ಗೋಡೆಗೂ ಹಚ್ಚಿದ ಬಣ್ಣದಿಂದ ಎಂದು ಅವರು 1904ರಲ್ಲೇ ಬರೆದರು. ಬಣ್ಣದ ಪುಡಿ ಕೈಗೆ, ಕೈಯಿಂದ ಬಾಯಿಗೆ. ಅಮೆರಿಕ ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ನಮ್ಮಲ್ಲಿ ಈ ವಿಷಯವನ್ನು ಬಿಡದೆ ಹಿಡಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಯಿತು. ಮೆದುಳು ಬೆಳೆಯುವ ವಯಸ್ಸಿನ ಮಗುವಿಗೆ ಸುರಕ್ಷಿತ ಎನ್ನಬಹುದಾದ ಸೀಸದ ಪ್ರಮಾಣವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಅಪಾಯ ಹೆಚ್ಚು ಇರುವುದು ಹೊಸ ಡಬ್ಬಿಗಿಂತ ಹಳೆಯ ಪದರದಲ್ಲಿ. ತಾತನ ಕಾಲದ ಕಿಟಕಿಯ ಎನಾಮೆಲ್ ಬಣ್ಣ ಕೆರೆದು ಮರಳುಕಾಗದ ಹಾಕಿದರೆ ಆ ಧೂಳು ಇಡೀ ಮನೆ ತುಂಬುತ್ತದೆ. ಬಸುರಿ ಹೆಂಗಸು, ಎಳೆಮಕ್ಕಳು ಆಗ ಆ ಮನೆಯಲ್ಲಿ ಇರಲೇಬಾರದು. ಹೊಸ ಬಣ್ಣವಾದರೆ ಸೀಸವಿಲ್ಲದ, ಘಾಟು ಕಡಿಮೆ ಇರುವ ನೀರಿನ ಬಣ್ಣ ಆರಿಸಿ, ಹೆರಿಗೆಗೆ ಒಂದೆರಡು ತಿಂಗಳು ಮುಂಚೆಯೇ ಬಳಿಸಿ, ಕಿಟಕಿ ತೆರೆದಿಟ್ಟು ವಾಸನೆ ಪೂರ್ತಿ ಹೋಗಲು ಬಿಡಬೇಕು. ಹಳೆಯ ಸುಣ್ಣ ಇಂದಿಗೂ ಒಳ್ಳೆಯ ಆಯ್ಕೆಯೇ. ಅದಕ್ಕೆ ಘಾಟಿಲ್ಲ, ಕ್ಷಾರಗುಣದಿಂದಾಗಿ ಬೂಷ್ಟು ಸುಲಭವಾಗಿ ಹಿಡಿಯದು. ಮಳೆಗಾಲದಲ್ಲಿ ಗೋಡೆ ಬೆವರುವ ಮಲೆನಾಡು, ಕರಾವಳಿಯ ಮನೆಗಳಲ್ಲಿ ಗುಲಾಬಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೂಷ್ಟಿನದು.

ಉಸಿರಿನ ವಿಚಾರಕ್ಕೇ ಸೇರಿದ್ದು ಹೊಗೆ. ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಕೊಡುವುದು, ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ. ಎಣ್ಣೆ ನೀವುವುದನ್ನು, ಬಿಸಿನೀರನ್ನು, ಬೆಚ್ಚಗೆ ಸುತ್ತಿ ಮಲಗಿಸುವ ಅಕ್ಕರೆಯನ್ನು ಉಳಿಸಿಕೊಂಡು ಹೊಗೆಯೊಂದನ್ನು ಬಿಡಬಹುದು. ಎಳೆಯ ಶ್ವಾಸಕೋಶ ಅದನ್ನು ತಾಳದು. ಸೊಳ್ಳೆಬತ್ತಿಗೂ ಇದೇ ಮಾತು. ರಾಜ್ಯ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದನ್ನು ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲಿ. ಹಾಗಾಗಿ ತೊಟ್ಟಿಲ ಮೇಲೆ ಸೊಳ್ಳೆಪರದೆ ಹಗಲು ನಿದ್ದೆಗೂ ಬೇಕು, ಮಗುವಿನ ಕೈಗೆ ಸಿಗದಂತೆ ಬಿಗಿಯಾಗಿ ಕಟ್ಟಬೇಕು. ಕಿಟಕಿಗೆ ಜಾಲರಿ ಹಾಕಿಸಿದರೆ ಇನ್ನೂ ನಿಶ್ಚಿಂತೆ. ಗೋಡೆಯ ಚಿತ್ರಕ್ಕೆ ತೆಗೆದಿಟ್ಟ ದುಡ್ಡು ಈ ಜಾಲರಿಗೆ ಹೋದರೆ ಸಾರ್ಥಕ.

ಬಟ್ಟೆಯ ವಿಷಯದಲ್ಲಿ ಮಾತ್ರ ಅಜ್ಜಿಯರ ಪದ್ಧತಿಗೆ ತಿದ್ದುಪಡಿಯೇ ಬೇಡ. ಹೊಸ ಮಗುವಿಗೆ ನೂರು ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆ, ಪಂಚೆಯ ತುಂಡೇ ಶ್ರೇಷ್ಠ. ಗಂಜಿ, ಬಣ್ಣ, ಅಂಗಡಿಯ ರಾಸಾಯನಿಕ ಎಲ್ಲವೂ ಹೋಗಿರುತ್ತವೆ. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದ ಕೌದಿ, ಮಗು ಎಚ್ಚರವಿದ್ದಾಗ ನೆಲದ ಮೇಲೆ ಹಾಸಿ ಆಡಿಸಲು ಬಲು ಚೆಂದ. ಅಮ್ಮನ ಇಳಕಲ್ ಸೀರೆಯ ಅಂಚು, ಅತ್ತೆಯ ಮದುವೆ ಕುಪ್ಪಸ, ಅಜ್ಜನ ಪಟಗದ ಚೂರು ಎಲ್ಲ ಒಂದೇ ಕೌದಿಯಲ್ಲಿರುತ್ತವೆ. ಧಾರವಾಡ, ಹುಬ್ಬಳ್ಳಿ ಕಡೆ ಕಸೂತಿ ಹಾಕಿದ ಕುಂಚಿಗೆ, ಕುಲಾವಿಗಳೂ ಇವೆ. ಗಂಟು ಕಾಣದಂತೆ ದಾರ ಎಣಿಸಿ ಹಾಕುವ ಗವಂತಿ, ಮುರಗಿ ಹೊಲಿಗೆಗಳಲ್ಲಿ ತೇರು, ಗೋಪುರ, ಆನೆ ಅಂಬಾರಿ, ತುಳಸಿಕಟ್ಟೆಯ ಜತೆಗೆ ತೊಟ್ಟಿಲ ಚಿತ್ತಾರವೂ ಬರುತ್ತದೆ. ಮೂರು ತಿಂಗಳಲ್ಲಿ ಚಿಕ್ಕದಾಗಿಬಿಡುವ ಕುಂಚಿಗೆಯನ್ನು ಪೆಟ್ಟಿಗೆಯಲ್ಲಿ ಮುದುರಿಡುವ ಬದಲು ಕಟ್ಟು ಹಾಕಿಸಿ ಗೋಡೆಗೆ ತೂಗಿದರೆ, ಮಗಳ ಕೋಣೆಗೆ ಅದಕ್ಕಿಂತ ಒಳ್ಳೆಯ ಅಲಂಕಾರ ಅಂಗಡಿಯಲ್ಲಿ ಸಿಗದು.

ಕೋಣೆಯೇ ಇಲ್ಲದ ಮನೆಗಳು ಎಷ್ಟೋ ಇವೆ. ಮಗುವಿಗೆಂದೇ ಪ್ರತ್ಯೇಕ ಕೋಣೆ ಎಂಬ ಕಲ್ಪನೆ, ದಾದಿಯರನ್ನಿಟ್ಟುಕೊಂಡ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಸಿರಿವಂತ ಮನೆಗಳಲ್ಲಿ ಬೇರೂರಿದ್ದು. ಫಿನ್‌ಲೆಂಡ್ ಬೇರೆ ದಾರಿ ಹಿಡಿಯಿತು. 1938ರಿಂದ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೂ ಸರ್ಕಾರ ಒಂದು ಪೆಟ್ಟಿಗೆ ಕೊಡುತ್ತ ಬಂದಿದೆ. ಅದರಲ್ಲಿ ಮಗುವಿನ ಬಟ್ಟೆಬರೆ, ತಳದಲ್ಲಿ ಪುಟ್ಟ ಹಾಸಿಗೆ. ಖಾಲಿ ಮಾಡಿದ ಪೆಟ್ಟಿಗೆಯೇ ಮೊದಲ ತೊಟ್ಟಿಲು. ಪೆಟ್ಟಿಗೆ ಬೇಕೆಂದರೆ ಬಸುರಿಯರು ತಪಾಸಣೆಗೆ ಬರಬೇಕೆಂಬ ಷರತ್ತೂ ಇತ್ತು. ಕರ್ನಾಟಕದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗಾಗಿ ಬಂದ 'ಮಡಿಲು' ಕಿಟ್ ಇದೇ ಬಗೆಯ ಯೋಚನೆ: ಸೊಳ್ಳೆಪರದೆ, ಮಗುವಿನ ಹಾಸಿಗೆ, ಸ್ವೆಟರ್, ಟೊಪ್ಪಿಗೆ, ಸೋಪು. ಒಂದು ಮಗು ಬೆಚ್ಚಗೆ, ಶುಚಿಯಾಗಿ, ಸೊಳ್ಳೆಯಿಂದ ದೂರವಿರಲು ಏನು ಬೇಕೋ ಅಷ್ಟು ಒಂದು ಚೀಲದಲ್ಲಿ. ಇಷ್ಟಿದ್ದರೆ ಮಂಚದ ಪಕ್ಕದ ಒಂದು ಮೂಲೆಯೂ ಮಗಳ ಕೋಣೆಯೇ.

ಹಾಗಾದರೆ ಹೆಣ್ಣುಮಗುವಿಗೆಂದೇ ವಿಶೇಷವಾಗಿ ಯೋಚಿಸಬೇಕಾದ್ದು ಏನೂ ಇಲ್ಲವೇ? ಇದೆ. ಅದು ಶುರುವಾಗುವುದು ಅವಳು ಅಂಬೆಗಾಲಿಡುವ ಏಳೆಂಟನೇ ತಿಂಗಳಿಂದ. ಕೋಣೆಯಲ್ಲಿ ಅವಳ ಕೈಗೆ ಎಟುಕುವ ಕೆಳಗಿನ ಹಲಗೆಯ ಮೇಲೆ ಏನಿದೆ? ಬರೀ ಗೊಂಬೆ, ಅಡುಗೆ ಸಾಮಾನೇ ಇದ್ದರೆ ಅವಳಿಗೆ ಸಿಗುವುದು ಅಷ್ಟೇ ಪ್ರಪಂಚ. ಮರದ ಗಾಡಿ, ಚೆಂಡು, ಜೋಡಿಸುವ ದಿಮ್ಮಿ, ಡೋಲು, ಪುಸ್ತಕ ಇದ್ದರೆ ಅವಳ ಕೈ ಅವುಗಳ ಮೇಲೂ ಹೋಗುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಟಿಸುವ ಕನ್ನಡದ ಚಿತ್ರಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಆ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ನೂರಾರು ಕತೆಗಳು ಪುಕ್ಕಟೆ. ನೆಲದಲ್ಲಿ ಓಡಾಡಲು ಬಯಲು ಬೇಕು, ಬೀಳುವುದಕ್ಕೆ ಅವಕಾಶ ಬೇಕು. ಅದಕ್ಕಾಗಿ ಬೀರು, ಡ್ರಾಯರುಗಳನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಬೇಕು. ಮಕ್ಕಳು ಡ್ರಾಯರು ಹತ್ತಿದಾಗ ಅದು ಅವರ ಮೇಲೇ ಉರುಳುತ್ತದೆ. ಪರದೆಯ ಹಗ್ಗ ಮೇಲೆ ಕಟ್ಟಿ, ಪ್ಲಗ್ಗಿನ ತೂತುಗಳನ್ನು ಮುಚ್ಚಬೇಕು. ಅಪಾಯಗಳನ್ನು ಹೀಗೆ ಮೊದಲೇ ತೆಗೆದಿಟ್ಟರೆ, ಮಗಳನ್ನು ದಿನವಿಡೀ 'ಬೇಡ, ಮುಟ್ಟಬೇಡ, ಹತ್ತಬೇಡ' ಎಂದು ತಡೆಯುವ ಪ್ರಸಂಗ ಕಡಿಮೆಯಾಗುತ್ತದೆ. ಗಂಡುಮಗು ಹತ್ತಿದರೆ ಚುರುಕು, ಹೆಣ್ಣುಮಗು ಹತ್ತಿದರೆ ಹಟಮಾರಿ ಎನ್ನುವ ಮಾತು ಇನ್ನೂ ಅನೇಕ ಮನೆಗಳಲ್ಲಿ ಕೇಳುತ್ತದೆ. ಕೋಣೆಯ ವಿನ್ಯಾಸದಲ್ಲೇ ಆ ಮಾತಿಗೆ ಜಾಗ ಕೊಡದಿರಬಹುದು.

ಅಷ್ಟರಲ್ಲಿ ತೊಟ್ಟಿಲು ಖಾಲಿಯಾಗಿರುತ್ತದೆ. ಮಗು ಕೈಯೂರಿ ಎದೆ ಎತ್ತಲು, ಮಗುಚಲು, ಏಳಲು ಶುರುಮಾಡಿದ ದಿನವೇ ತೂಗುವ ತೊಟ್ಟಿಲಿನ ಬಳಕೆ ನಿಲ್ಲಿಸಿ, ನೆಲದ ಹಾಸಿಗೆಗೋ ಎತ್ತರದ ಕಟಾಂಜನದ ಮಂಚಕ್ಕೋ ಬದಲಾಯಿಸಬೇಕು. ಉತ್ತರ ಕರ್ನಾಟಕದ ಮನೆತನಗಳಲ್ಲಿ ಒಂದು ತೊಟ್ಟಿಲು ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ಸೋದರತ್ತೆಯ ಮಗಳ ಮನೆಗೆ ಸುತ್ತುತ್ತಲೇ ಇರುತ್ತದೆ. ಕಳಿಸುವ ಮುನ್ನ ಸರಪಳಿಯ ಪ್ರತಿ ಉಂಗುರ ಸವೆದಿದೆಯೇ ನೋಡಬೇಕು, ಕೀಲುಗಳನ್ನು ಬಿಗಿಮಾಡಿಸಬೇಕು. ನಡುವೆ ಯಾರಾದರೂ ಅರಗಿನ ಬಣ್ಣದ ಮೇಲೆ ಪೇಟೆಯ ಎನಾಮೆಲ್ ಬಳಿಸಿ ಅದು ಚಕ್ಕೆ ಏಳುತ್ತಿದ್ದರೆ, ಆ ತೊಟ್ಟಿಲನ್ನು ಕಲಘಟಗಿಯ ಕುಶಲಕರ್ಮಿಗಳಿಗೇ ಒಪ್ಪಿಸಿ ಸರಿಮಾಡಿಸಿದ ಮೇಲೆಯೇ ಮುಂದಿನ ಮನೆಗೆ ಕಳಿಸಬೇಕು.